ಒಂದೇ ಉದ್ದದ ಸ್ಕ್ರೂ

‘ಗುರುಗಳೇ, ನಿಮಗೆ ನಾವೆಲ್ಲರೂ ಒಂದೇ ಅಲ್ಲವೇ?’ ಎಂದು ಅನಂತಯ್ಯ ಕೇಳಿದ.

ಮಳೆಗಾಲವೆಲ್ಲ ಗುರುಗಳು ಆಶ್ರಮದಲ್ಲಿ ಇರಲಿಲ್ಲ. ಹಿರಿಯ ಶಿಷ್ಯನಾದ ಅನಂತಯ್ಯನೇ ಎಲ್ಲವನ್ನೂ ನೋಡಿಕೊಂಡಿದ್ದ. ಗುರುಗಳು ಇದ್ದಾಗ ಒಬ್ಬನಿಗೆ ಉಪವಾಸ ಹೇಳುತ್ತಿದ್ದರು, ಇನ್ನೊಬ್ಬನನ್ನು ಕೂರಿಸಿ ಉಣ್ಣಿಸುತ್ತಿದ್ದರು. ಒಬ್ಬನನ್ನು ಗದರುತ್ತಿದ್ದರು, ಅದೇ ತಪ್ಪಿಗೆ ಇನ್ನೊಬ್ಬನನ್ನು ಕಂಡೂ ಕಾಣದಂತೆ ಬಿಡುತ್ತಿದ್ದರು. ಇದು ಸರಿಯಲ್ಲ ಎಂದು ಅನಂತಯ್ಯನಿಗೆ ಬಹಳ ಕಾಲದಿಂದ ಅನಿಸಿತ್ತು. ಹೊಣೆ ತನ್ನ ಕೈಗೆ ಬಂದೊಡನೆ ಎಲ್ಲರಿಗೂ ಒಂದೇ ನಿಯಮ ಮಾಡಿದ. ಸೂರ್ಯ ಮುಳುಗುವ ತನಕ ಯಾರೂ ಮಾತಾಡಬಾರದು.

ಎಲ್ಲರೂ ಪಾಲಿಸಿದರು. ಬಾಬಯ್ಯನೂ ಪಾಲಿಸಿದ. ಅವನು ಹೆಂಡತಿ ತೀರಿಹೋದ ಮೇಲೆ ಆಶ್ರಮಕ್ಕೆ ಬಂದವನು. ತರಕಾರಿ ಹೆಚ್ಚುತ್ತ ದಿನವಿಡೀ ಅವಳ ಸುದ್ದಿಯನ್ನೇ ಹೇಳುತ್ತಿದ್ದವನು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೋಗಿಬಿಟ್ಟ. ಗುರುಗಳು ಹಿಂತಿರುಗಿದಾಗ ಅವನ ಚಾಪೆ ಸುರುಳಿ ಸುತ್ತಿಕೊಂಡು ಗೋಡೆಗೆ ಒರಗಿತ್ತು.

ಗುರುಗಳು ಆ ಚಾಪೆಯನ್ನು ನೋಡಿದರು. ‘ಕೂತುಕೋ’ ಎಂದರು. ಹೇಳತೊಡಗಿದರು.

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ಕುದ್ರು. ಸುತ್ತಲೂ ನೀರು. ಅಲ್ಲಿ ಒಬ್ಬ ದೋಣಿಯವನಿದ್ದ. ಅವನದು ಇನ್ನೊಬ್ಬನಿಂದ ಕೊಂಡ ಹಳೆಯ ಫೈಬರ್ ದೋಣಿ. ಅದರ ಮುಂಭಾಗದಲ್ಲಿ ಸಣ್ಣ ಕೋಣೆ, ಕೋಣೆಗೆ ಗಾಜಿನ ಕಿಟಕಿ. ಕುದ್ರುವಿನಲ್ಲಿ ಕೋಣೆಯಿದ್ದ ದೋಣಿ ಅದೊಂದೇ. ಕಾಯಿಲೆಯವರನ್ನೂ ಬಸುರಿಯರನ್ನೂ ಅಳಿವೆ ದಾಟಿಸಿ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಅದೇ.

ಒಂದು ವರ್ಷ ಕಿಟಕಿಯ ಸುತ್ತ ನೀರು ಒಸರಲು ಶುರುವಾಯಿತು. ಸ್ಕ್ರೂಗಳು ಸವೆದಿದ್ದವು. ದೋಣಿಯವನು ಅವನ್ನು ಬದಲಿಸಲು ಹೊರಟ.

ಆ ಕಿಟಕಿಗೆ ಎರಡು ಚೌಕಟ್ಟು. ಹೊರಗೊಂದು, ಒಳಗೊಂದು. ನಡುವೆ ಗಾಜು, ರಬ್ಬರು, ದೋಣಿಯ ಗೋಡೆ. ಒಳಗಿನಿಂದ ಹಾಕಿದ ಸ್ಕ್ರೂ ಗೋಡೆಯನ್ನು ದಾಟಿ ಹೊರಗಿನ ನಟ್ಟನ್ನು ಹಿಡಿಯಬೇಕು. ಆ ನಟ್ಟು ಸಣ್ಣ ಕೊಳವೆಯಂತಿದ್ದು ಹೊರತುದಿ ಮುಚ್ಚಿರುತ್ತದೆ; ಸ್ಕ್ರೂ ಅದನ್ನು ದಾಟಿ ಹೋಗದು.

ದೋಣಿಯವನು ಹಳೆಯ ಸ್ಕ್ರೂಗಳನ್ನು ಬಿಚ್ಚಿ ತೆಂಗಿನ ಗೆರಟೆಗೆ ಹಾಕಿದ. ಅವು ಒಂದೊಂದೂ ಒಂದೊಂದು ಉದ್ದ. ಅವನು ನಕ್ಕ. ಹಿಂದಿನ ಯಜಮಾನ ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದಿದ್ದಾನೆ ಎಂದ. ದೋಣಿಯಲ್ಲಿ ಜೊತೆಗೆ ದುಡಿಯುತ್ತಿದ್ದ ಅವನ ಭಾವ, ಹೆಂಡತಿಯ ಅಣ್ಣ, ಹಾಗಾದರೆ ಇಷ್ಟು ವರ್ಷ ಇದು ತೇಲಿದ್ದು ನಿನ್ನ ಮುಖ ನೋಡಿಯೋ ಎಂದು ಕೇಳಿದ. ದೋಣಿಯವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನು ಬೇಜವಾಬ್ದಾರಿಯವನಲ್ಲ. ಒಂದು ನಟ್ಟನ್ನೇ ಅಂಗಡಿಗೆ ಒಯ್ದು, ಸ್ಕ್ರೂ ಹಾಕಿ ತೆಗೆದು, ಥ್ರೆಡ್ ಕೂಡುವುದನ್ನು ನೋಡಿದ. ಉಪ್ಪುನೀರಿಗೆ ತುಕ್ಕು ಹಿಡಿಯದ ಸ್ಟೀಲನ್ನೇ ಕೇಳಿ ಪಡೆದ. ಉದ್ದಕ್ಕೆ ಮಾತ್ರ, ಗೆರಟೆಯಲ್ಲಿ ನೋಡಲು ಚೆನ್ನಾಗಿದ್ದ ಒಂದನ್ನು ಆರಿಸಿ, ಎಲ್ಲವನ್ನೂ ಅದರಂತೆಯೇ ತಂದ. ಹೊಸ ರಬ್ಬರು ಕೂರಿಸಿ, ಒಂದೊಂದನ್ನೂ ಇನ್ನು ತಿರುಗದು ಎನ್ನುವ ತನಕ ಬಿಗಿದ. ಕೊಡದಲ್ಲಿ ನೀರು ತಂದು ಹೊರಗಿನಿಂದ ಹೊಯ್ದ. ಒಳಗೆ ಒಂದು ಹನಿ ಬರಲಿಲ್ಲ.

ಮಳೆ ಇಳಿಯುವ ಹೊತ್ತಿಗೆ ಭಾವನ ಮಗಳಿಗೆ ಹೆರಿಗೆ ನೋವು ಬಂತು. ಅವಳನ್ನು ಕೋಣೆಯಲ್ಲಿ ಮಲಗಿಸಿ ಹೊರಟರು. ಅಳಿವೆಯಲ್ಲಿ ಮೊದಲ ತೆರೆ ಗಾಜಿಗೆ ಬಡಿಯಿತು. ಕಿಟಕಿಯ ಒಂದು ಬದಿ ಕಿತ್ತು ಒಳಗೆ ವಾಲಿತು. ನೀರು ಹುಡುಗಿಯ ಮೈಮೇಲೆ ಸುರಿಯಿತು. ಭಾವ ಕಿಟಕಿಗೆ ಬೆನ್ನು ಕೊಟ್ಟು ನಿಂತ. ದೋಣಿಯವನು ಚುಕ್ಕಾಣಿ ಬಿಡುವಂತಿರಲಿಲ್ಲ. ಕೈಚಾಚಿ, ಕಿತ್ತು ಬರದ ಬದಿಯ ಸ್ಕ್ರೂಗಳನ್ನಾದರೂ ಬಿಗಿ ಮಾಡು ಎಂದ. ಭಾವ ಬೆರಳಿನಿಂದ ತಡವಿ ನೋಡಿದ.

‘ಸ್ಕ್ರೂ ಎಲ್ಲ ಬಿಗಿಯಾಗಿಯೇ ಇವೆ. ಕಿಟಕಿ ಮಾತ್ರ ನನ್ನ ಬೆನ್ನ ಮೇಲಿದೆ’ ಎಂದ.

ದಡ ಮುಟ್ಟುವ ತನಕ ಅವನು ಬೆನ್ನು ತೆಗೆಯಲಿಲ್ಲ. ತಾಯಿ ಮಗು ಇಬ್ಬರೂ ಉಳಿದರು.

ಮರುದಿನ ದೋಣಿಯವನು ಕಿಟಕಿಯ ಮುಂದೆ ಕುಳಿತ. ಹಿಡಿಸೂಡಿ ಪೊರಕೆಯ ಒಂದು ಕಡ್ಡಿಯನ್ನು ಒಂದು ತೂತಿನೊಳಗೆ ತಳ್ಳಿ, ಉಗುರಿನಿಂದ ಗುರುತು ಮಾಡಿ, ಪಕ್ಕದ ತೂತಿಗೆ ಹಾಕಿದ. ಗುರುತು ಕೂಡಲಿಲ್ಲ. ಮತ್ತೊಂದಕ್ಕೆ ಹಾಕಿದ. ಅದೂ ಕೂಡಲಿಲ್ಲ.

ಹಳೆಯ ದೋಣಿಯ ಗೋಡೆ ಮನುಷ್ಯರು ಕೈಯಿಂದ ಪದರ ಪದರವಾಗಿ ಹಚ್ಚಿದ್ದು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪ ಇದ್ದಲ್ಲಿ ಅವನ ಸ್ಕ್ರೂ ನಟ್ಟಿನ ಬಾಯಿಯನ್ನಷ್ಟೇ ಕಚ್ಚಿತ್ತು, ಆದ್ದರಿಂದ ಕಿತ್ತು ಬಂತು. ತೆಳು ಇದ್ದಲ್ಲಿ ನಟ್ಟಿನ ಮುಚ್ಚಿದ ತುದಿಗೆ ಹೋಗಿ ಗುದ್ದಿ ನಿಂತಿತ್ತು. ಕೈಗೆ ಬಿಗಿ ಸಿಕ್ಕಿತ್ತು, ಚೌಕಟ್ಟಿಗೆ ಸಿಕ್ಕಿರಲಿಲ್ಲ. ಹಿಂದಿನ ಯಜಮಾನ ಒಂದೊಂದು ತೂತನ್ನೂ ನೋಡಿ ಒಂದೊಂದು ಸ್ಕ್ರೂವನ್ನು ಕತ್ತರಿಸಿದ್ದ. ಇವನು ಅವನ್ನು ಗೆರಟೆಯಲ್ಲಿ ಕಲಸಿಬಿಟ್ಟಿದ್ದ. ಯಾವುದು ಎಲ್ಲಿಯದೆಂದು ಈಗ ತಿಳಿಯುವ ದಾರಿ ಇರಲಿಲ್ಲ.

ಪ್ರತಿ ತೂತಿಗೂ ಒಂದು ಕಡ್ಡಿ ಹಾಕಿ ಅಳೆದ. ಉದ್ದದ ಸ್ಕ್ರೂಗಳನ್ನು ತಂದು, ಆಯಾ ಕಡ್ಡಿಗೆ ಸರಿಯಾಗಿ ಕತ್ತರಿಸಿ, ತುದಿ ಅರದಿಂದ ಉಜ್ಜಿದ. ಒಂದನ್ನು ಸ್ವಲ್ಪ, ಎದುರಿನದನ್ನು ಸ್ವಲ್ಪ, ಹೀಗೆ ಸುತ್ತುತ್ತ ಬಂದ. ರಬ್ಬರು ಗಾಜಿಗೆ ಒತ್ತಿ ಕುಳಿತೊಡನೆ ಕೈ ನಿಲ್ಲಿಸಿದ.

ಇಷ್ಟೇ ಸಾಕೇ ಎಂದು ಭಾವ ಕೇಳಿದ.

‘ಕಿಟಕಿಗೆ ಸಾಕು. ಕೈಗೆ ಸಾಲದು’ ಎಂದ ದೋಣಿಯವನು.

ಗುರುಗಳು ಕತೆ ನಿಲ್ಲಿಸಿದರು. ಅನಂತಯ್ಯ, ತಾನು ಮಾಡಿದ ನಿಯಮದಲ್ಲಿ ತಪ್ಪೇನಿತ್ತು, ಮೌನ ಒಳ್ಳೆಯದೇ ಅಲ್ಲವೇ ಎಂದ.

ಸ್ಕ್ರೂ ಕೂಡ ಒಳ್ಳೆಯದೇ ಎಂದರು ಗುರುಗಳು. ಎದ್ದರು. ಗೋಡೆಗೆ ಒರಗಿದ್ದ ಚಾಪೆಯನ್ನು ತಂದು ಅನಂತಯ್ಯನ ಮುಂದೆ ಇಟ್ಟರು.

‘ಬಾಬಯ್ಯನೊಳಗೆ ಕಡ್ಡಿ ಹಾಕಿ ನೋಡಿದ್ದೆಯಾ?’