ಎಣ್ಣೆ ದುಂಡವ್ವನ ಮನೆಗೆ ಗಟ್ಟಿ ತಟ್ಟು ಬಂದದ್ದು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಗುಡ್ಡದ ಬುಡದ ಒಂದೂರಲ್ಲಿ ದುಂಡವ್ವ ಅಂತ ಒಬ್ಬಳು ಗಾಣದ ಎಣ್ಣೆ ಮಾರಿಕೊಂಡಿದ್ದಳು. ತಲೆಯ ಮೇಲೆ ಎಣ್ಣೆ ಕೊಡ, ಬರಿಗಾಲು, ಗುಡ್ಡದಾಚೆಯ ಊರಿಗೆಲ್ಲ ಅವಳೇ ಹೊರಬೇಕು. ಮಂದಿಗೆಲ್ಲ ಎಣ್ಣೆ ಅಳೆದು ಕೊಟ್ಟವಳು ತನ್ನ ಮೊಣಕಾಲಿಗೆ ಒಂದು ಹನಿ ಹಚ್ಚಿಕೊಂಡವಳಲ್ಲ.

ಅವಳಿಗೊಬ್ಬ ಮಗ, ಅಡಿವೆಪ್ಪ. ಆಳು ಬೆಳೆದಿತ್ತು, ಬುದ್ಧಿ ತೊಟ್ಟಿಲಲ್ಲೇ ಉಳಿದಿತ್ತು. ಒಮ್ಮೆ ಅವನ ತಲೆಗೆ ಕೊಡ ಹೊರಿಸಿ, "ಒಂದು ಹನಿ ಚೆಲ್ಲಬ್ಯಾಡ" ಅಂದು ಕಳಿಸಿದ್ದಳು. ಕೇಳಿದವರಿಗೆ ಯಾರಿಗೂ ಒಂದು ಹನಿ ಹಾಕದೆ ತುಂಬಿದ ಕೊಡ ತುಂಬಿದ ಹಾಗೇ ವಾಪಸ್ ತಂದಿದ್ದ!

ಈ ವರ್ಷ ದುಂಡವ್ವನ ಮೊಣಕಾಲು ಕೈಕೊಟ್ಟಿತು. ಗುಡ್ಡದ ಅರ್ಧಕ್ಕೇ ಕೂತುಬಿಟ್ಟಳು. ಹೊರೆ ಹೊರಲು ಒಂದು ತಟ್ಟು, ಅದೇ ಗಿಡ್ಡ ಜಾತಿಯ ಕುದುರೆ, ಬಾರದಿದ್ದರೆ ಮಾರಾಟ ನಿಂತ ಹಾಗೆ, ಒಲೆ ಆರಿದ ಹಾಗೆ. ಕೂಡಿಟ್ಟ ಗಂಟು ಬಿಚ್ಚಿ ಮಗನ ಕೈಗಿಟ್ಟಳು.

"ಎತ್ತರದ ಚಂದ ಕುದುರಿ ಬ್ಯಾಡಪ್ಪ! ಅದಕ್ಕ ಕಡ್ಲಿ ಬೇಕು, ಬೆಲ್ಲ ಬೇಕು, ಸೇವಾ ಮಾಡಾಕ ಆಳು ಬೇಕು. ಗಿಡ್ಡ ತಟ್ಟು ತಾ. ಕಡಿಮಿ ತಿನ್ನಬೇಕು, ಬಿಸಲು ಮಳಿ ತಡೀಬೇಕು, ಒದೀಬಾರದು!"

"ಹೂನವ್ವಾ!"

ಹೋದ. ಸಂತೆಯಲ್ಲಿ ಕುದುರೆ ವ್ಯಾಪಾರಿ ಮಕ್ತುಮಸಾಬರ ತಟ್ಟುಗಳು ಹುಲ್ಲು ಮೇಯುತ್ತಿದ್ದವು. "ಇವು ತಿಂತಾವು!" ಅಂದು ಮುಂದೆ ನಡೆದ. ಬಡಿಗನ ಅಂಗಡಿ ಮುಂದೆ ಒಂದು ನಿಂತಿತ್ತು. ತಿನ್ನುವುದಿಲ್ಲ! ಬೆವರುವುದಿಲ್ಲ! ಒದೆಯುವುದಿಲ್ಲ! ಹೆಗಲ ಮೇಲೆ ಹೊತ್ತು ತಂದ.

"ಅಯ್ಯೋ ನನ್ನ ಹೊಟ್ಯಾಗ ಹುಟ್ಟಿದ ಕಲ್ಲ! ಕಟ್ಟಿಗಿ ಕುದುರಿ ತಂದೀಯಲ್ಲೋ! ಜೀವ ಇದ್ದದ್ದು ನೋಡಬೇಕೋ! ಬಾಯಿ ತೆರದು ಹಲ್ಲ ನೋಡಬೇಕು. ಹಲ್ಲ ಸವದಿದ್ರ ಮುದಿ. 'ಮುದಿ ಐತಿ, ಬ್ಯಾಡ' ಅಂತ ಎದುರಿಗೇ ಹೇಳಿ ಬಿಟ್ಟು ಬರಬೇಕು!"

"ಹೂನವ್ವಾ!"

ಬಡಿಗ ಪುಣ್ಯಾತ್ಮ, ಮರದ ಕುದುರೆ ವಾಪಸ್ ಇಸಿದುಕೊಂಡು ದುಡ್ಡು ಕೊಟ್ಟ. "ನಿನ್ನ ಮನಿ ತಣ್ಣಗಿರಲಿ" ಅಂತ ದುಂಡವ್ವ ಕೈಮುಗಿದಳು.

ಮುಂದಿನ ಸಂತೆಗೆ ಹೊರಟ. ದಾರಿಯಲ್ಲಿ ಒಂದು ಮನೆಗೆ ಹೆಣ್ಣು ನೋಡಲು ಬಂದಿದ್ದರು. ವರ ಪೇಟ ಸುತ್ತಿ, ಮೀಸೆ ತಿರುವಿ ಕಂಬಳಿ ಮೇಲೆ ಕೂತಿದ್ದ. ಹೆಣ್ಣಿನ ಅಪ್ಪ ಅಡಿವೆಪ್ಪನನ್ನು ಕರೆದ.

"ಬಾರಪ್ಪ, ಅವಲಕ್ಕಿ ತಿನ್ನು. ಇವರನ್ನ ಅಳಿಯ ಮಾಡ್ಕೋಬೇಕಂತೀನಿ. ಹೆಂಗದಾರ, ನೀನೂ ನೋಡು!"

ನೋಡು ಅಂದದ್ದೇ ತಡ, ಅಡಿವೆಪ್ಪ ವರನ ದವಡೆ ಹಿಡಿದು ಬಾಯಿ ತೆರೆಸಿದ. "ಹಲ್ಲ ಸವದಾವು! ಮುದಿ ಐತಿ! ಬ್ಯಾಡ!"

ವರನ ಕಡೆಯವರು ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಹೆಣ್ಣಿನ ಅಪ್ಪ ಮಾತ್ರ ವರನ ಬಾಯನ್ನೇ ನೋಡುತ್ತ ನಿಂತಿದ್ದ. ಆ ಮದುವೆ ಆಗಲಿಲ್ಲ, ಆ ಹುಡುಗಿ ಇಂದಿಗೂ ಅಡಿವೆಪ್ಪನ ಹೆಸರು ಹೇಳಿ ದೀಪ ಹಚ್ಚುತ್ತಾಳಂತೆ.

"ಮಂದಿ ಬಾಯಾಗ ಕೈ ಹಾಕತಾರೇನೋ!" ದುಂಡವ್ವ ಮಗನ ಬೆನ್ನಿಗೆ ಅರಿಸಿನ ಹಚ್ಚುತ್ತ ಬೈದಳು. "ಯಾರ ಉಸಾಬರಿನೂ ಬ್ಯಾಡ. ಸಾಬ್ರ ಕಡೆ ತಟ್ಟು ತಗೋ. ಹಗ್ಗ ಗಟ್ಟಿ ಹಿಡಿ. ಹಿಂದ ತಿರುಗಿ ನೋಡದ ನೆಟ್ಟಗ ಮನೀಗೆ ಬಾ!"

"ಹೂನವ್ವಾ!"

ಮಕ್ತುಮಸಾಬರು ಒಂದು ಕಂದು ಬಣ್ಣದ ಗಿಡ್ಡ ತಟ್ಟು ಕೊಟ್ಟರು. ಒಣಹುಲ್ಲು ತಿಂದು ಕಲ್ಲಿನ ಗುಡ್ಡ ಹತ್ತುವ ಜಾತಿ. ಅಡಿವೆಪ್ಪ ಹಗ್ಗ ಗಟ್ಟಿ ಹಿಡಿದ, ಹಿಂದೆ ನೋಡದೆ ನಡೆದ. ಕೊರಳ ಕುಣಿಕೆ ಸಡಿಲವಿತ್ತು. ತಟ್ಟು ತಲೆ ಹಿಂದೆ ಎಳೆದುಕೊಂಡು ಸಾಬರ ಬಳಿಗೇ ಹೋಯಿತು.

"ತಟ್ಟು ಎಲ್ಲೋ?"

"ಹಗ್ಗ ಬಿಟ್ಟಿಲ್ಲವ್ವಾ!"

ದುಂಡವ್ವ ಹಣೆ ಬಡಿದುಕೊಂಡಳು. ಈ ಸಲ ಅತ್ತೇಬಿಟ್ಟಳು. "ನನ್ನ ಮಾತು ಸಾಕಪ್ಪ. ಓಡು, ಸಾಬ್ರು ಹೆಂಗ ಹೇಳತಾರೋ ಹಂಗ ಮಾಡು!"

ಸಾಬರು ದೊಡ್ಡ ಮನುಷ್ಯರು. ತಟ್ಟು ಕಟ್ಟಿ, ನೀರು ಕುಡಿಸಿ, ದಾರಿ ಕಾಯುತ್ತಿದ್ದರು. ತಾವೇ ಕುಣಿಕೆ ಬಿಗಿದರು.

"ಕೇಳಪ್ಪಾ, ಗಟ್ಟಿ ಜಾತಿಗೆ ಒಂದು ಗುಣ. ಹಸಿವಾದ್ರೂ ಕೇಳೂದಿಲ್ಲ, ನೋವಾದ್ರೂ ಹೇಳೂದಿಲ್ಲ. ಹಂಗಂತ ಮರೀಬಾರದು. ಮನ್ಯಾಗ ಹೊರಿ ಹೊತ್ತ ಜೀವಕ್ಕ ಮೊದಲ ತಿನ್ನಾಕ ಹಾಕು, ಆಮ್ಯಾಲ ನೀ ಉಣ್ಣು. ಕಾಲಿಗೆ ಎಣ್ಣಿ ಹಚ್ಚಿ ತಿಕ್ಕು. ಮುಂಜಾನಿ ಎದ್ದು ಲಾಳ ಹೊಡಸು."

"ಹೂನ್ರೀ ಸಾಬ್ರ!"

ದಾರಿಯುದ್ದಕ್ಕೂ ಅಡಿವೆಪ್ಪ ಯೋಚಿಸಿದ. ಈ ತಟ್ಟು ಇನ್ನೂ ಏನೂ ಹೊತ್ತಿಲ್ಲ! ಅವನಿಗೆ ಲೆಕ್ಕ ಬಾರದು, ಆದರೆ ಆ ಮನೆಯಲ್ಲಿ ಹೊರೆ ಹೊತ್ತವರನ್ನು ಎಣಿಸಲು ಒಂದು ಬೆರಳು ಸಾಕಿತ್ತು.

ಮನೆಗೆ ಬಂದ. ಅವ್ವ ರೊಟ್ಟಿ ಬಡಿಸಿದಳು. ತಾಟನ್ನು ಅವಳ ಮುಂದೆ ತಳ್ಳಿದ.

"ಮೊದಲ ನೀ ತಿನ್ನವ್ವಾ, ಆಮ್ಯಾಲ ನಾ!"

ತಿಂದಳು. ಹೊಟ್ಟೆ ತುಂಬಿತೋ ಇಲ್ಲವೋ ಅಂತ ಪಕ್ಕೆ ತಟ್ಟಿ ನೋಡಿದ. ಆಮೇಲೆ ಮಾರುವ ಎಣ್ಣೆಯ ಕೊಡ ಎತ್ತಿ ಅವಳ ಮೊಣಕಾಲಿಗೆ ದಬದಬ ಸುರಿದು ತಿಕ್ಕತೊಡಗಿದ.

"ಅಯ್ಯೋ ಮಾರೂ ಎಣ್ಣಿ! ಎಲ್ಲಾ ಹೋತಲ್ಲೋ ಪೆದ್ದ..."

ಬೈಗುಳ ಅರ್ಧಕ್ಕೇ ನಿಂತಿತು. ಗಂಡ ಸತ್ತ ಮೇಲೆ ಅವಳಿಗೆ ಮೊದಲು ನೀ ಉಣ್ಣು ಅಂದವರಿಲ್ಲ, ಕಾಲು ನೋಯುತ್ತದೋ ಅಂತ ಮುಟ್ಟಿ ನೋಡಿದವರಿಲ್ಲ. ಕಣ್ಣು ತುಂಬಿ ಬಂತು. ಸಂತೆಯ ದಿಕ್ಕಿಗೆ ಕೈಮುಗಿದಳು. "ಸಾಬ್ರ, ನಿಮ್ಮ ಬಳ್ಳಿ ಹಬ್ಬಲಿ! ನನ್ನಪ್ಪಾ, ಅವರು ಏನೇನು ಹೇಳ್ಯಾರೋ ಎಲ್ಲಾ ಮಾಡು, ಒಂದೂ ಬಿಡಬ್ಯಾಡ!"

ಹಾಗನ್ನಬಾರದಿತ್ತು ನೋಡಿ!

ಬೆಳಗಾಯಿತು. ಅಡಿವೆಪ್ಪ ಅವ್ವನನ್ನು ತಟ್ಟಿನ ಮೇಲೆ ಕೂರಿಸಿ ಕಮ್ಮಾರನ ಕುಲುಮೆಗೆ ಹೊಡೆದುಕೊಂಡು ಹೋದ.

"ಲಾಳ ಹೊಡೀಬೇಕಣ್ಣಾ!"

"ಕಾಲ ಎತ್ತಿ ಹಿಡಿ ಹಂಗಾರ," ಅಂದ ಕಮ್ಮಾರ. ಕಬ್ಬಿಣ ಕಾಸಿದ, ಮೊಳೆ ಆರಿಸಿದ, ಸುತ್ತಿಗೆ ಎತ್ತಿ ತಿರುಗಿದ. ನೋಡುತ್ತಾನೆ, ತಟ್ಟು ನಾಲ್ಕು ಕಾಲೂ ಊರಿ ಆರಾಮಾಗಿ ನಿಂತಿದೆ! ಅಡಿವೆಪ್ಪನ ಕಂಕುಳಲ್ಲಿರುವುದು ದುಂಡವ್ವನ ಕಾಲು!

"ಹೊಡಿಯಣ್ಣಾ, ಹೆದರಬ್ಯಾಡ! ಗಟ್ಟಿ ಜಾತಿ, ನಮ್ಮವ್ವ ಒದಿಯೂದಿಲ್ಲ!"

"ಒದೀತೀನೋ! ಇವತ್ತ ಒದ್ದ ಒದೀತೀನಿ!" ದುಂಡವ್ವ ಬೀಳದ ಹಾಗೆ ತಟ್ಟಿನ ಜೂಲು ಹಿಡಿದು ನಕ್ಕಳು, ನಕ್ಕು ನಕ್ಕು ಅತ್ತಳು.

ಕಮ್ಮಾರ ನಗಲಿಲ್ಲ. ಬಿರುಕು ಬಿಟ್ಟ ಆ ಹಿಮ್ಮಡಿ ನೋಡಿ ಸುತ್ತಿಗೆ ಕೆಳಗಿಟ್ಟ. ಪಕ್ಕದಲ್ಲಿ ಚಪ್ಪಲಿ ಹೊಲಿಯುತ್ತಿದ್ದವನನ್ನು ಕೂಗಿ ಕರೆದ.

ಅಂದು ದುಂಡವ್ವ ಉಳಿದಷ್ಟು ಎಣ್ಣೆ ಇಟ್ಟುಕೊಂಡು ತಟ್ಟಿನ ಮೇಲೆ ಗುಡ್ಡ ದಾಟಿದಳು, ಕಾಲಲ್ಲಿ ಹೊಸ ಚಪ್ಪಲಿ. ಕೊನೆತನಕ ಅವಳು ಅವನ್ನು ಚಪ್ಪಲಿ ಅನ್ನಲೇ ಇಲ್ಲ. "ನನ್ನ ಮಗ ಹೊಡಿಸಿದ ಲಾಳ" ಅನ್ನುತ್ತಿದ್ದಳು. ಅವಳ ಕಾಲು ತಣ್ಣಗಾಯಿತು, ಹೂಂಗುಟ್ಟಿದ ನಿಮ್ಮ ಹೊಟ್ಟೆ ತಣ್ಣಗಿರಲಿ.