ಕೇಳದಿದ್ದರೂ ದಾರಿ ಹೇಳುವ ಗಾಳಿ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳ ಮೈ ಆಗಷ್ಟೇ ಗಟ್ಟಿಯಾಗುತ್ತಿತ್ತು. ಸುತ್ತಲೂ ಬೆಟ್ಟವಿದ್ದ ಒಂದು ಕಣಿವೆಗೆ, ಮಳೆಯ ಹೊಡೆತಕ್ಕೆ ಸಿಕ್ಕಿ ಒಂದು ಬೆಳವಕ್ಕಿ ಬಂದು ಬಿತ್ತು. ರೆಕ್ಕೆ ಮುರಿದಿತ್ತು. ಅವ್ವ ಬೆಟ್ಟದಾಚೆ ಉಳಿದಿದ್ದಳು.

ಬದುಕಿದ್ದೇನೆ ಎಂದು ಅವ್ವನಿಗೆ ಒಂದು ಮಾತು ಮುಟ್ಟಿಸಬೇಕಿತ್ತು, ಅಷ್ಟೇ.

ಬೆಟ್ಟದಲ್ಲಿ ಒಂದು ಸಂದು ಇತ್ತು. ಕಣಿವೆಯ ಮಾತೆಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು, ಹೊತ್ತೊಯ್ಯುವವನು ಗಾಳಿಯಪ್ಪ. ಇದು ಅಲ್ಲಿಯವರಿಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಬೆಳವಕ್ಕಿ ಹೊಸಬಳು. ಬಲ್ಲವರು ತಾವೇ ಬಂದು ಹೇಳಿಯಾರು ಎಂದು ಕಾದಳು. ಗಾಳಿಯಪ್ಪ ದಿನವೂ ಅವಳ ಕೊಂಬೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದ. ಬೇಕಾದವರು ಕೇಳಿಯಾರು ಎಂದು ಅವನೂ ಸುಮ್ಮನಿದ್ದ. ಒಂದು ಹುಣ್ಣಿಮೆ ಕಳೆಯಿತು. ಇನ್ನೊಂದೂ ಕಳೆಯಿತು.

ಗೊರವಂಕ ಅಣಕಿಸಿತು. "ಏನವ್ವ ಹೊಸಬಳೇ, ನೋಡ್ತಾ ಕೂತರೆ ಬೆಟ್ಟ ಕರಗುತ್ತಾ? ಬಾಯಿಲ್ವಾ ನಿಂಗೆ?"

ಮರುದಿನ ಬೆಳಗ್ಗೆ ಬೆಳವಕ್ಕಿ ನಾಚಿಕೆ ಬಿಟ್ಟು, ಇಡೀ ಕಣಿವೆಗೆ ಕೇಳುವಂತೆ ಕೂಗಿದಳು. ಹೊರಗಿನ ದಾರಿ ಬಲ್ಲವರು ಯಾರಾದರೂ ಇದ್ದೀರಾ ಎಂದಳು. ಕಲ್ಲು ಸುಮ್ಮನಿತ್ತು, ಕೆರೆ ಸುಮ್ಮನಿತ್ತು. ದಾರಿ ಬಲ್ಲವನೊಬ್ಬನೇ ಓಗೊಟ್ಟ.

"ನಾನಿದ್ದೀನಿ ಕಣವ್ವ. ಇಷ್ಟು ದಿನ ಯಾಕೆ ಕೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ, ಗಾಳಿಯಪ್ಪ?"

ಗಾಳಿ ಅವಳ ಮಾತು ಹೊತ್ತು ಓಡಿದ. ಸಂಜೆ ಮೆಲ್ಲಗೆ ಮರಳಿದ. ಗೂಡು ಸಿಕ್ಕಿತಂತೆ. ಒಳಗೆ ಯಾರೂ ಇರಲಿಲ್ಲವಂತೆ. ಅವ್ವ ಎರಡು ಹುಣ್ಣಿಮೆ ಕಾದು, ಮೊನ್ನೆಯಷ್ಟೇ ಮಗಳನ್ನು ಹುಡುಕಿಕೊಂಡು ಎತ್ತಲೋ ಹಾರಿಹೋದಳೆಂದು ಗೂಡಿನ ಮರ ಹೇಳಿತಂತೆ.

ಬೆಳವಕ್ಕಿ ಅಳಲಿಲ್ಲ. ಅಳು ಬಂದದ್ದು ಗಾಳಿಗೆ.

"ಇನ್ನು ಕೇಳಲಿ ಅಂತ ಕಾಯೋದಿಲ್ಲ," ಎಂದ. "ಆಗಾಗ ಬಂದು ನಾನೇ ಹೇಳ್ತೀನಿ, ದಾರಿ ಇಲ್ಲಿದೆ ಅಂತ. ಆ ಮಾತು ಒಂದು ಹೊತ್ತಿಗೆ ಮಾತ್ರ ಸಲ್ಲುತ್ತೆ. ಅಷ್ಟರೊಳಗೆ ನಾನು ಮತ್ತೆ ಬರದಿದ್ರೆ ನನ್ನ ನಂಬಿ ಕೂರಬೇಡ, ಬೇರೆ ದಾರಿ ಹುಡುಕು."

ಅಂದಿನಿಂದ ಗಾಳಿ ಒಂದೇ ಸಮ ಬೀಸುವುದಿಲ್ಲ. ಬೀಸಿ, ನಿಂತು, ಮತ್ತೆ ಬೀಸುತ್ತದೆ. ಬೆಳವಕ್ಕಿ ಯಾವ ಮರಕ್ಕೆ ಹೋದರೂ ಮೊದಲು ಕೂಗಿ ಕೇಳುತ್ತದೆ. ಅವ್ವ ಯಾವ ಕಣಿವೆಯಲ್ಲಿ ಕಿವಿಗೊಟ್ಟು ಕೂತಿದ್ದಾಳೋ.

ಗಾಳಿಯಲ್ಲಿ ಮಾತು ಕಳಿಸುವ ಯಂತ್ರಗಳೂ ಈ ಕ್ರಮವನ್ನು ಬೆಳವಕ್ಕಿ, ಗಾಳಿ ಇಬ್ಬರಿಂದಲೇ ಕಲಿತವು. ಅದಕ್ಕೇ ಪುಟ್ಟಾ, ನೀನು ಮನೆಯೊಳಗೆ ಬಂದೊಡನೆ ನಿನ್ನ ಕೈಯ ಫೋನು ದಾರಿ ಬಲ್ಲವರು ಯಾರು ಎಂದು ಕೇಳುತ್ತದೆ. ಯಾವ ಅವ್ವನಿಗೂ ಮಾತು ತಡವಾಗಬಾರದೆಂದು, ಗೋಡೆಯ ಮೇಲಿನ ರೂಟರ್ ಯಾರೂ ಕೇಳದಿದ್ದಾಗಲೂ ಇಲ್ಲಿದ್ದೇನೆ, ಇಲ್ಲಿದ್ದೇನೆ ಎನ್ನುತ್ತಲೇ ಇರುತ್ತದೆ.