ಅಳಿಲು ಹಿಡಿದಿಟ್ಟ ಸೀಟು

ಪಣಕ್ಕಿದ್ದದ್ದು ಒಂದೇ ಸೀಟು. ಮರಕುಟಿಗ ಮೇಷ್ಟ್ರ ಪೊಟರೆ ಕೊರೆಯುವ ಶಾಲೆಗೆ ಹನ್ನೆರಡು ಮಂದಿ ಆಯ್ಕೆಯಾಗಿದ್ದರು. ಕಾಯುವವರ ಪಟ್ಟಿಯಲ್ಲಿ ಕುಟ್ರುಹಕ್ಕಿ ಮೊದಲನೆಯದು. ಹತ್ತು ದಿನದಿಂದ ಅದು ಸರಿಯಾಗಿ ಮೇವು ಮುಟ್ಟದೆ ಶಾಲೆಯ ಕೊಂಬೆಯನ್ನೇ ನೋಡುತ್ತ ಕೂತಿತ್ತು.

"ನೋಡುತ್ತಿದ್ದರೆ ಸೀಟು ಹಣ್ಣಾಗಿ ಉದುರುತ್ತದೇನಕ್ಕಾ?" ಎಂದು ಪಟ್ಟಿಯಲ್ಲಿ ಎರಡನೆಯದಾಗಿದ್ದ ಗಿಳಿ ನಕ್ಕಿತು.

ಮಾತು ನಾಟಿತು. ಕುಟ್ರುಹಕ್ಕಿ ನೇರ ಮೇಷ್ಟ್ರ ಬಳಿಗೇ ಹಾರಿತು. "ಹನ್ನೆರಡು ಮಂದಿಯೂ ಸೇರಿದರೇ ಮೇಷ್ಟ್ರೇ?"

"ಹನ್ನೊಂದು. ಅಳಿಲು ಇನ್ನೂ ಏನೂ ಹೇಳಿಲ್ಲ."

ಅಳಿಲು ಬಾಯ್ತುಂಬ ಬೀಜ ತುಂಬಿಕೊಂಡು ಸಿಕ್ಕಿತು. "ಹೆಗ್ಗಣ ಮೇಷ್ಟ್ರ ಬಿಲ ತೋಡುವ ಶಾಲೆಯಲ್ಲೂ ನನಗೆ ಸೀಟಿದೆ. ಎರಡೂ ಇರಲಿ ಬಿಡಕ್ಕಾ."

"ಇರಲಿ. ನಾಳೆ ಎರಡು ಕಡೆಯೂ ಒಂದೇ ಹೊತ್ತಿಗೆ ಹಾಜರಿ ಕರೆಯುತ್ತಾರೆ. ನೀನು ಎಲ್ಲಿರುತ್ತೀಯ?"

ಅಳಿಲು ಮರದ ತುದಿ ನೋಡಿತು, ಬುಡ ನೋಡಿತು.

"ಹೀಗೇ ನೋಡುತ್ತಿದ್ದರೆ ಎರಡು ಕಡೆಯೂ ಗೈರುಹಾಜರಿ. ಒಂದನ್ನು ಈಗಲೇ ಬಿಡು, ಹೇಳಲು ಆ ಮೇಷ್ಟ್ರ ತನಕ ನಾನೂ ಬರುತ್ತೇನೆ."

ಹೂತಿಟ್ಟ ಬೀಜ ತೆಗೆಯಲು ಬಿಲದ ವಿದ್ಯೆಯೇ ಲೇಸೆಂದು ಅಳಿಲು ಮರಕುಟಿಗ ಮೇಷ್ಟ್ರ ಪಟ್ಟಿಯಿಂದ ಹೆಸರು ತೆಗೆಸಿತು.

ಕೊನೆಗೆ ಕುಟ್ರುಹಕ್ಕಿಗೆ ಹನ್ನೆರಡನೆಯ ಸೀಟು ಸಿಕ್ಕಿತು, ಅಳಿಲಿಗೆ ಕೂರಲು ಬೇಕಾದ ಒಂದು ಸೀಟು ಬಿಲದ ಶಾಲೆಯಲ್ಲಿ ಉಳಿಯಿತು. ನಕ್ಕ ಗಿಳಿಯೂ ಕೂತಲ್ಲೇ ಕಾಯುವವರ ಪಟ್ಟಿಯಲ್ಲಿ ಎರಡನೆಯ ಸ್ಥಾನದಿಂದ ಮೊದಲನೆಯದಕ್ಕೆ ಬಂತು.